ಕೃತ್ತಿಕೆಯಲ್ಲಿ ಹೋತ, ಚಿತ್ತೆಯಲ್ಲಿ ಮರಿ: ಮೇಕೆ ಹಾಲು, ಚೀಸ್ ಕೆಲಸಕ್ಕೆ ವರ್ಷದ ಲೆಕ್ಕ

ಮೇಕೆ ಗಬ್ಬ ಕಟ್ಟಿ ಈಯುವುದಕ್ಕೆ 150 ದಿನ, ಐದು ದಿನ ಆಚೀಚೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಮೇಕೆ ಹಾಲಿನಿಂದ ಚೀಸ್ ಮಾಡಲು ಹೊರಟವರು ಮೊದಲು ಕಲಿಯಬೇಕಾದ್ದು ಈ ಲೆಕ್ಕ. ಪಾತ್ರೆ, ಥರ್ಮಾಮೀಟರ್ ಎಲ್ಲ ಆಮೇಲೆ. ಹೋತವನ್ನು ವರ್ಷವಿಡೀ ಹಿಂಡಿನ ಜೊತೆಗೇ ಬಿಟ್ಟುಕೊಂಡರೆ ಪುನರ್ವಸು, ಪುಷ್ಯ ಮಳೆಯಲ್ಲಿ ಮರಿ ಹುಟ್ಟುತ್ತವೆ. ಆಗ ನೆಲವೂ ಒಣಗುವುದಿಲ್ಲ, ಮರಿಯ ಮೈಯೂ ಒಣಗುವುದಿಲ್ಲ. ನ್ಯುಮೋನಿಯಾ, ಭೇದಿ ಹಿಡಿದು ಮರಿ ಹೋಗುತ್ತದೆ, ತಾಯಿಯ ಹಾಲೂ ಇಳಿಯುತ್ತದೆ.

ಮೇ 11ರ ಸುಮಾರಿಗೆ ಕೃತ್ತಿಕೆ ಮಳೆ ಹುಟ್ಟುತ್ತದೆ. ಹೋತವನ್ನು ಆಗ ಬಿಡಿ. ಮೊದಲ ಮರಿಗಳು ಅಕ್ಟೋಬರ್ 8ರಿಂದ, ಚಿತ್ತೆ ಮಳೆ ಹೊತ್ತಿಗೆ ಬರುತ್ತವೆ. ಬೆದೆ 21 ದಿನಕ್ಕೊಮ್ಮೆ ಬರುವುದರಿಂದ ಹೋತ 42–45 ದಿನ ಜೊತೆಯಲ್ಲಿರಲಿ. ಮೊದಲ ಸಲ ತಪ್ಪಿದ್ದು ಎರಡನೇ ಸಲ ಕಟ್ಟುತ್ತದೆ. ಆಮೇಲೆ ಅದನ್ನು ಬೇರೆ ಕಡೆ ಕಟ್ಟಿ. 25–30 ಹೆಣ್ಣಿಗೆ ಒಂದು ಹೋತ ಸಾಕು. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಅದರ ಮಗಳನ್ನೇ ಅದು ಕೂಡುತ್ತದೆ.

ಹತ್ತು ಹೆಣ್ಣಿನ ಹಿಂಡಾದರೆ ಎಲ್ಲವನ್ನೂ ಒಂದೇ ಸಲ ಗಬ್ಬ ಮಾಡಿಸಬೇಡಿ. ಆರನ್ನು ಕೃತ್ತಿಕೆಯಲ್ಲಿ, ನಾಲ್ಕನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಬಿಟ್ಟರೆ ಎರಡನೇ ತಂಡ ಫೆಬ್ರವರಿಯಲ್ಲಿ ಈಯುತ್ತದೆ. ಹಾಗೆ ಮಾಡಿದರೆ ಅಕ್ಟೋಬರ್‌ನಿಂದ ಜುಲೈವರೆಗೆ ಒಂದಷ್ಟು ಹಾಲು ಕೈಯಲ್ಲಿರುತ್ತದೆ. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಚೀಸ್ ಕೋಣೆಗೆ ಬೀಗ ಹಾಕಿ ಸುಣ್ಣ ಬಳಿಯಿರಿ. ಆ ಎರಡು ತಿಂಗಳ ಬಿಡುವು ನಷ್ಟವಲ್ಲ, ಆಗ ಹಾಲಿಗೆ ಒತ್ತಾಯಿಸಿದರೆ ಮುಂದಿನ ಕರಾವು ಸೊರಗುತ್ತದೆ.

ಅರಸೀಕೆರೆ, ಕಡೂರಿನ ಬಯಲಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ. ಹೋತವನ್ನು ಜೂನ್ ಕೊನೆಗೆ ಬಿಟ್ಟು ಮರಿ ನವೆಂಬರ್ ಕೊನೆಗೆ ಬರುವ ಹಾಗೆ ನೋಡಿಕೊಳ್ಳಿ.

ತಳಿಯ ವಿಚಾರದಲ್ಲಿ ಒಂದೇ ಮಾತು. ಮಲೆನಾಡಿನ ತೇವಕ್ಕೆ ತಲಚೇರಿ (ಮಲಬಾರಿ) ಅಥವಾ ಅದರ ಮಿಶ್ರತಳಿ ಹೊಂದಿಕೊಳ್ಳುತ್ತದೆ. ಬೀಟಲ್, ಜಮುನಾಪಾರಿ ಹೆಚ್ಚು ಹಾಲು ಕೊಡುತ್ತವೆ ನಿಜ, ಆದರೆ ಅವು ಒಣಹವೆಯ ಪ್ರಾಣಿಗಳು, ಬಯಲುಸೀಮೆಯಲ್ಲೇ ಚೆನ್ನ. ತಂದ ಮೇಕೆ ಯಾವುದೇ ಇರಲಿ, ಹಿಂಡಿಗೆ ಸೇರಿಸುವ ಮೊದಲು ಮೂರು ವಾರ ಬೇರೆ ಕಟ್ಟಿ, ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಿ. ಈ ರೋಗ ಹಾಲಿನಿಂದಲೂ ಈಯಿಸುವಾಗಿನ ಸ್ರಾವದಿಂದಲೂ ಮನುಷ್ಯರಿಗೆ ಬರುತ್ತದೆ. ಹಾಲು ಮಾರುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಸುಗ್ಗಿಯಲ್ಲೇ ಮೇವು ಕೊಳ್ಳಿ

ಮಳೆಗಾಲದ ಒಣಮೇವನ್ನು ಜೂನ್‌ನಲ್ಲಿ ಹುಡುಕುವವರಿಗೆ ಸಿಗುವುದು ಮುಗ್ಗಲು ಹಿಡಿದದ್ದೇ. ಜನವರಿ–ಫೆಬ್ರವರಿಯಲ್ಲಿ ಬಯಲುಸೀಮೆಯ ಕಣಗಳು ಮುಗಿಯುವಾಗ ಹುರುಳಿ ಹೊಟ್ಟು, ಅವರೆ ಹೊಟ್ಟು, ಕಡಲೆಕಾಯಿ ಬಳ್ಳಿ ತಂದು ಅಟ್ಟಕ್ಕೆ ಹಾಕಿ. ಮೇಕೆಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ, 120 ದಿನಕ್ಕೆ ತಲೆಗೆ 60–90 ಕಿಲೋ. ಹತ್ತಕ್ಕೆ 9 ಕ್ವಿಂಟಲ್ ಇಟ್ಟುಕೊಂಡರೆ ನಿಶ್ಚಿಂತೆ. ಭತ್ತದ ಹುಲ್ಲು ಮೇಕೆಗೆ ಹೊಟ್ಟೆ ತುಂಬಿಸುತ್ತದೆ, ಹಾಲು ಕೊಡುವುದಿಲ್ಲ.

ಕಡಲೆಕಾಯಿ ಹಿಂಡಿಯನ್ನು ಮಾತ್ರ ಹೀಗೆ ಕೂಡಿಡಬೇಡಿ. ತೇವ ತಗುಲಿ ಬೂಷ್ಟು ಬಂದ ಹಿಂಡಿಯ ಅಫ್ಲಾಟಾಕ್ಸಿನ್ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತಂದು, ನೆಲದಿಂದ ಎತ್ತರದ ಹಲಗೆಯ ಮೇಲೆ ಮುಚ್ಚಿದ ಡ್ರಮ್ಮಿನಲ್ಲಿಡಿ.

ದಾಣಿ ಮಿಶ್ರಣಕ್ಕೆ ನುಚ್ಚು ಮಾಡಿದ ಮೆಕ್ಕೆಜೋಳ 40 ಪಾಲು, ಗೋಧಿ ಬೂಸಾ 31, ಹಿಂಡಿ 26, ಖನಿಜ ಮಿಶ್ರಣ 2, ಉಪ್ಪು 1. ಮೈಗೆ ಅಂತ 200 ಗ್ರಾಂ, ಕರೆದ ಪ್ರತಿ ಲೀಟರ್ ಹಾಲಿಗೆ 350 ಗ್ರಾಂ ಹೆಚ್ಚು, ಎರಡು ಹೊತ್ತಿಗೆ ಹಂಚಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಕರುಳುಬೇನೆಗೂ ದಾರಿ. ವಾರಕ್ಕೆ 100 ಗ್ರಾಂಗಿಂತ ಹೆಚ್ಚು ಏರಿಸಬೇಡಿ. ಹೋತ ಬಿಡುವ ಎರಡು ಮೂರು ವಾರ ಮೊದಲು ಹೆಣ್ಣುಗಳಿಗೆ ಈ ಮಿಶ್ರಣ 200 ಗ್ರಾಂ ಹೆಚ್ಚಾಗಿ ಸಿಕ್ಕರೆ ಅವಳಿ ಮರಿ ನಿಲ್ಲುವ ಸಂಭವ ಹೆಚ್ಚು.

ಸೊಪ್ಪಿಗೆ ಕಾಫಿ ತೋಟವೇ ಆಧಾರ. ಮರಗಸಿ ಮಾಡುವಾಗ ಬೀಳುವ ಹಾಲುವಾಣ, ಹಲಸು, ಅತ್ತಿ, ಬಸರಿ ಎಲ್ಲವೂ ಮೇಕೆಗೆ ಹಬ್ಬ. ಬೇಲಿಯಲ್ಲಿ ಗ್ಲಿರಿಸಿಡಿಯಾ, ಅಗಸೆ ಬೆಳೆಸಿ. ಇಲ್ಲೊಂದು ಅಪಾಯವಿದೆ. ಮುಂಗಾರಿಗೆ ಮೊದಲು ಕಾಫಿಗೂ ಹಾಲುವಾಣಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರೆ, ಮಳೆ ನಡುವೆ ಅಡಿಕೆಗೂ ಹೊಡೆಯುತ್ತಾರೆ. ನೀಲಿ ಚುಕ್ಕಿ ಕೂತ ಎಲೆಯಲ್ಲಿರುವುದು ತಾಮ್ರ. ಅದು ಮೇಕೆಯ ಪಿತ್ತಜನಕಾಂಗದಲ್ಲಿ ಕೂಡುತ್ತಾ ಹೋಗಿ ಒಂದು ದಿನ ವಿಷವಾಗಿ ಏಳುತ್ತದೆ. ಸಿಂಪಡಣೆಗೆ ಮೊದಲೇ ಸೊಪ್ಪು ಕಡಿದುಕೊಳ್ಳಿ. ಪಕ್ಕದ ತೋಟದಿಂದ ತರುವುದಾದರೆ ಸಿಂಪಡಣೆಯ ದಿನ ಕೇಳಿಕೊಂಡೇ ತನ್ನಿ. ಲಂಟಾನ, ಮರಗೆಣಸಿನ ಹಸಿ ಸೊಪ್ಪು, ಎಳೆಯ ಜೋಳದ ಪೈರು ಈ ಮೂರನ್ನೂ ದೂರವಿಡಿ.

ಮಳೆಗಾಲ: ನೆಲ, ಗೊರಸು, ಕಣ್ಣಿನ ರೆಪ್ಪೆ

ಮಲೆನಾಡಿನಲ್ಲಿ ಮಣ್ಣಿನ ನೆಲದ ಮೇಲೆ ಹಾಲಿನ ಮೇಕೆ ಸಾಕಬೇಡಿ. ನೆಲದಿಂದ 4 ಅಡಿ ಮೇಲೆ ಅಟ್ಟಣೆ ಹಾಕಿ. ಸಿಲ್ವರ್ ಓಕ್ ರೀಪು ಬಾಳಿಕೆ ಬರುತ್ತದೆ. ಅಡಿಕೆ ದಬ್ಬೆ ಅಗ್ಗ, ಆದರೆ ಎರಡು ಮೂರು ಮಳೆಗೆ ಬದಲಿಸಬೇಕು. ರೀಪುಗಳ ನಡುವೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸಂದಿ. ಒಂದೂವರೆ ದಾಟಿದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ, ಒಂದಕ್ಕಿಂತ ಕಡಿಮೆಯಾದರೆ ಹಿಕ್ಕೆ ಬೀಳದೆ ಮೇಲೇ ಕೆಸರಾಗುತ್ತದೆ. ದೊಡ್ಡ ಮೇಕೆಗೆ 12–15 ಚದರ ಅಡಿ. ಗಾಳಿ ಮಳೆಯ ಇರಚಲು ಬರುವ ಪಡುವಣ ಗೋಡೆಯನ್ನು ಪೂರ್ತಿ ಮುಚ್ಚಿ, ಉಳಿದ ಕಡೆ ಮೇಲ್ಭಾಗ ತೆರೆದಿರಲಿ. ಚಳಿಯಾದೀತೆಂದು ನಾಲ್ಕೂ ಕಡೆ ಟಾರ್ಪಾಲು ಬಿಗಿದರೆ ಕೆಳಗಿನ ಗಂಜಳದ ಅಮೋನಿಯಾ ಒಳಗೇ ಉಳಿಯುತ್ತದೆ. ಮಳೆಗಾಲದ ಕೆಮ್ಮಿನ ಹಿಂದೆ ಎಷ್ಟೋ ಸಲ ಇರುವುದು ಈ ಉಸಿರುಗಟ್ಟಿದ ಗಾಳಿ.

ಜಂತುಹುಳುವಿನದ್ದು ಮಳೆಗಾಲದ ಅತಿ ದೊಡ್ಡ ಲೆಕ್ಕ. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಹುಳುವಿನ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಮರಿಯಾಗಿ ಹುಲ್ಲಿನ ಬುಡದಿಂದ ನಾಲ್ಕೈದು ಅಂಗುಲ ಹತ್ತುತ್ತದೆ. ಹಾಗಾಗಿ ನೆಲಮಟ್ಟದ ಹುಲ್ಲು ಮೇಯಿಸಬೇಡಿ. ಸೊಪ್ಪನ್ನು ಮೊಣಕಾಲಿನ ಮೇಲಿನ ಎತ್ತರದಿಂದ ಕಡಿದು, ಅರ್ಧ ದಿನ ಸೂರಿನಡಿ ಬಾಡಿಸಿ, ಕಟ್ಟು ಕಟ್ಟಿ ತೂಗುಹಾಕಿ. ನೀರು ತೊಟ್ಟಿಕ್ಕುವ ಎಲೆ ತಿಂದರೆ ಹೊಟ್ಟೆ ಉಬ್ಬರ, ಸಡಿಲ ಹಿಕ್ಕೆ.

ಹದಿನೈದು ದಿನಕ್ಕೊಮ್ಮೆ ಪ್ರತಿ ಮೇಕೆಯ ಕೆಳರೆಪ್ಪೆಯನ್ನು ಬೆಳಕಿನಲ್ಲಿ ಇಳಿಸಿ ನೋಡಿ. ಕೆಂಪು ಅಥವಾ ಗಾಢ ಗುಲಾಬಿ ಇದ್ದರೆ ಸುಮ್ಮನಿರಿ. ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಬಂದಿದ್ದರೆ ಅವುಗಳಿಗೆ ಮಾತ್ರ ಔಷಧ. ಎಲ್ಲಕ್ಕೂ ತಿಂಗಳಿಗೊಮ್ಮೆ ಕುಡಿಸುವ ಅಭ್ಯಾಸದಿಂದ ಔಷಧಕ್ಕೆ ಬಗ್ಗದ ಹುಳುಗಳಷ್ಟೇ ಉಳಿಯುತ್ತವೆ. ಹಿಕ್ಕೆಯ ಮಾದರಿಯನ್ನು ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷಿಸಿಕೊಳ್ಳಿ, ಹಾಸನದ ಸುತ್ತಲಿನವರಿಗೆ ಪಶುವೈದ್ಯಕೀಯ ಕಾಲೇಜೂ ಇದೆ. ಜೂನ್‌ನಲ್ಲಿ ವೈದ್ಯರ ಮುಂದೆ ನಿಂತಾಗ ಹೋತ ಬಿಟ್ಟ ತಾರೀಖನ್ನು ಹೇಳಲೇಬೇಕು. ಜಂತುಹುಳುವಿನ ಔಷಧ ಅಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳಲ್ಲಿ ಪಿಂಡಕ್ಕೆ ಕೆಡುಕು. ಕೃತ್ತಿಕೆಯಲ್ಲಿ ಕಟ್ಟಿದ ಮೇಕೆ ಆಗ ಸರಿಯಾಗಿ ಆ ತಿಂಗಳಲ್ಲೇ ಇರುತ್ತದೆ.

ಗೊರಸನ್ನು ಆರೆಂಟು ವಾರಕ್ಕೊಮ್ಮೆ ಕತ್ತರಿಸಿ. ಕುಂಟು ಕಂಡರೆ 100ಕ್ಕೆ 10 ಸತುವಿನ ಸಲ್ಫೇಟ್ ದ್ರಾವಣದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಣ ಅಟ್ಟಣೆಗೆ ಹತ್ತಿಸಿ. ಲಸಿಕೆಯಲ್ಲಿ ಕರುಳುಬೇನೆ, ಗಳಲೆರೋಗದ್ದು ಮಳೆಗೆ ಮುಂಚೆ. ಮೊದಲ ಸಲವಾದರೆ ಕರುಳುಬೇನೆಗೆ 14 ದಿನ ಬಿಟ್ಟು ಎರಡನೇ ಚುಚ್ಚುಮದ್ದು. ಪಿಪಿಆರ್ (ಮೇಕೆ ಪ್ಲೇಗ್) ಲಸಿಕೆ ಮೂರು ತಿಂಗಳು ದಾಟಿದ ಮರಿಗೆ, ಆಮೇಲೆ ಮೂರು ವರ್ಷಕ್ಕೊಮ್ಮೆ. ಸೆಪ್ಟೆಂಬರ್ ಮೊದಲ ವಾರ ಗಬ್ಬದ ಮೇಕೆಗಳಿಗೆ ಕರುಳುಬೇನೆ ಲಸಿಕೆ ಇನ್ನೊಮ್ಮೆ ಕೊಟ್ಟರೆ ಗಿಣ್ಣುಹಾಲಿನ ಮೂಲಕ ರಕ್ಷಣೆ ಮರಿಗೂ ಸಿಗುತ್ತದೆ.

ಚಿತ್ತೆಯ ಮರಿಗಳು

ಈಯುವ ಮುಂಚಿನ ಆರು ವಾರ ದಾಣಿಯನ್ನು 100 ಗ್ರಾಂನಿಂದ 400ಕ್ಕೆ ಮೆಲ್ಲಗೆ ಏರಿಸಿ. ಹೊಟ್ಟೆಯಲ್ಲಿ ಎರಡು ಮರಿ ಇದ್ದು, ಮಳೆಯ ಕೊನೆಯ ಜೊಳ್ಳು ಮೇವು ತಿಂದ ಮೇಕೆ ಒಮ್ಮೆಗೇ ಮೇವು ಬಿಟ್ಟು ಮೂಲೆಯಲ್ಲಿ ನಿಂತರೆ ಅದು ಗಬ್ಬದ ವಿಷಬಾಧೆ. ದೇಹ ತನ್ನ ಕೊಬ್ಬನ್ನೇ ಕರಗಿಸುತ್ತಿರುತ್ತದೆ. ಬೆಲ್ಲದ ನೀರು ಕುಡಿಸಿ ಅದೇ ದಿನ ವೈದ್ಯರನ್ನು ಕರೆಸಿ, ನಾಳೆಗೆ ಬಿಡಬೇಡಿ.

ಜೋರಾಗಿ ಮುಕ್ಕಲು ಶುರುಮಾಡಿ ಮುಕ್ಕಾಲು ಗಂಟೆಯಾದರೂ ಮರಿ ಕಾಣದಿದ್ದರೆ ವೈದ್ಯರು ಬೇಕು. ಮರಿ ಬಿದ್ದೊಡನೆ ಮೂಗು ಬಾಯಿ ಒರೆಸಿ, ಹೊಕ್ಕುಳನ್ನು 7 ಶೇಕಡಾ ಅಯೋಡಿನ್‌ನಲ್ಲಿ ಅದ್ದಿ. ಗಿಣ್ಣುಹಾಲು ಒಂದು ಗಂಟೆಯೊಳಗೆ ಹೊಟ್ಟೆ ಸೇರಬೇಕು, 24 ಗಂಟೆಯಲ್ಲಿ ಮೈತೂಕದ ಹತ್ತನೇ ಒಂದು ಭಾಗ. ಎರಡೂವರೆ ಕಿಲೋ ಮರಿಗೆ 250 ಮಿಲಿ, ನಾಲ್ಕೈದು ಸಲಕ್ಕೆ. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಗೋಣಿ, ಬಲ್ಬಿನ ಕಾವಿನಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಹೊಯ್ದರೆ ಅದು ಜೀರ್ಣವಾಗುವುದಿಲ್ಲ, ಶ್ವಾಸಕ್ಕೂ ಹೋಗಬಹುದು. ಕಸ (ಮಾಸು) 12 ಗಂಟೆಯೊಳಗೆ ಬೀಳಬೇಕು. ಬರಿಗೈಯಲ್ಲಿ ಮುಟ್ಟದೆ ಆಳಕ್ಕೆ ಹೂಳಿ.

ಮೊದಲ ಐದು ದಿನದ ಹಾಲು ಚೀಸಿಗೆ ಬೇಡ, ಕಾಯಿಸಿದರೆ ಗಿಣ್ಣಾಗುತ್ತದೆ. ಮೂರನೇ ವಾರದವರೆಗೆ ಹಾಲೆಲ್ಲ ಮರಿಗೇ. ಆಮೇಲೆ ರಾತ್ರಿ ಮರಿಗಳನ್ನು ಬೇರೆ ಮಾಡಿ, ಬೆಳಗ್ಗೆ ಕರೆದುಕೊಂಡು, ಹಗಲೆಲ್ಲ ತಾಯಿಯ ಜೊತೆ ಬಿಡಿ. ಮೂರು ತಿಂಗಳಿಗೆ, ಇಲ್ಲವೇ ಹತ್ತು ಕಿಲೋ ತೂಗಿದಾಗ ಬಿಡಿಸಿ. ಚೀಸಿನ ಆಸೆಗೆ ಮರಿಯ ಪಾಲು ಕಿತ್ತುಕೊಂಡರೆ ಮುಂದಿನ ವರ್ಷದ ಹೆಣ್ಣೇ ಕುಂಠಿತವಾಗುತ್ತದೆ.

ಕರೆಯುವಾಗಲೇ ಚೀಸಿನ ರುಚಿ ತೀರ್ಮಾನವಾಗುತ್ತದೆ

ಒಂದೂವರೆ ಅಡಿ ಎತ್ತರದ ಮರದ ಮಣೆ, ಕುತ್ತಿಗೆ ಸಿಕ್ಕಿಸುವ ಚೌಕಟ್ಟು, ಮುಂದೆ ದಾಣಿ. ಮೊದಲ ಮೂರು ಧಾರೆ ಕಪ್ಪು ಬಟ್ಟಲಿಗೆ. ಗರಣೆ, ರಕ್ತದ ಎಳೆ ಕಂಡರೆ ಕೆಚ್ಚಲುಬಾವು, ಆ ಹಾಲು ಬೇರೆ. ಕೆಚ್ಚಲು ಒರೆಸಿ ಒಣಗಿಸಿಯೇ ಕರೆಯಿರಿ, ಒದ್ದೆ ಕೆಚ್ಚಲಿನಿಂದ ಕೊಳೆನೀರು ಧಾರೆಯ ಜೊತೆ ಪಾತ್ರೆಗೆ ಇಳಿಯುತ್ತದೆ. ಮುಷ್ಟಿಯಿಂದ ಹಿಂಡಿ, ತೊಟ್ಟನ್ನು ಎಳೆಯಬೇಡಿ. ಕರೆದಾದ ಮೇಲೆ ತೊಟ್ಟನ್ನು ತೆಳು ಅಯೋಡಿನ್‌ನಲ್ಲಿ ಅದ್ದಿ, ಅರ್ಧ ಗಂಟೆ ಮಲಗದಂತೆ ಮೇವು ಹಾಕಿ.

ಮೇಕೆ ಹಾಲೆಂದರೆ ನಾತ ಎನ್ನುವುದು ನಿಜವಲ್ಲ. ಹೋತ ಹಿಂಡಿನೊಳಗಿದ್ದರೆ ಅದರ ವಾಸನೆ ಹೆಣ್ಣುಗಳ ಮೈಗೂ ಪಾತ್ರೆಗೂ ಹತ್ತುತ್ತದೆ. ಹಾಲನ್ನು ಕುಲುಕಿದರೆ, ತಡವಾಗಿ ತಣಿಸಿದರೆ ಕೊಬ್ಬಿನ ಕಣ ಒಡೆದು ಘಾಟು ಬಿಡುಗಡೆಯಾಗುತ್ತದೆ. ಕರೆದ ಕೂಡಲೇ ಸೋಸಿ, ಐಸ್ ನೀರಿನಲ್ಲಿ ಕ್ಯಾನ್ ಇಟ್ಟು ಎರಡು ಗಂಟೆಯೊಳಗೆ 4 ಡಿಗ್ರಿಗೆ ಇಳಿಸಿ. ಎರಡು ದಿನಕ್ಕಿಂತ ಹಳೆಯ ಹಾಲಿನಿಂದ ಚೀಸ್ ಮಾಡಬೇಡಿ.

ಹಸಿ ಚೀಸ್, 5 ಲೀಟರಿಗೆ

ಹಾಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 63 ಡಿಗ್ರಿಗೆ ಏರಿಸಿ, 30 ನಿಮಿಷ ಅಲ್ಲೇ ಹಿಡಿಯಿರಿ. ಕುದಿಸಿದರೆ ರೆನೆಟ್ (ಹಾಲನ್ನು ಗಡ್ಡೆ ಕಟ್ಟಿಸುವ ಕಿಣ್ವ) ಕೆಲಸ ಮಾಡುವುದಿಲ್ಲ. ಮೇಕೆ ಹಾಲಿನ ಗಡ್ಡೆ ಹಸುವಿನದಕ್ಕಿಂತ ಮೊದಲೇ ಮೃದು, 75 ದಾಟಿದರೆ ಇನ್ನೂ ಸಡಿಲ. ಬೇಗ 23 ಡಿಗ್ರಿಗೆ ತಣಿಸಿ. 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡನ್ನು 50 ಮಿಲಿ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಸೇರಿಸಿ. ಮೀಸೋಫಿಲಿಕ್ (ಹದ ಕಾವಿನಲ್ಲಿ ಬೆಳೆಯುವ) ಹೆಪ್ಪನ್ನು ಪೊಟ್ಟಣದ ಮೇಲಿನ ಅಳತೆಯಂತೆ ಉದುರಿಸಿ, ಐದು ನಿಮಿಷ ನೆನೆಯಲು ಬಿಟ್ಟು ಕಲಕಿ. ಮನೆಯ ಮೊಸರು 75 ಮಿಲಿ ಹಾಕಿಯೂ ಕಲಿಯಬಹುದು. ಹುಳಿ ಹೆಚ್ಚು ಬರುತ್ತದೆ, ಒಂದು ಸಲದ ಹಾಗೆ ಇನ್ನೊಂದು ಸಲ ಬರುವುದಿಲ್ಲ, ಮಾರಾಟಕ್ಕಾಗದು. ಒಂದು ಗಂಟೆಯ ನಂತರ ಸಸ್ಯಾಹಾರಿ ದ್ರವ ರೆನೆಟ್ ಎರಡೇ ಹನಿ, ಆರಿಸಿದ ನೀರಿನಲ್ಲಿ ಬೆರೆಸಿ ಹಾಕಿ. ನಲ್ಲಿಯ ಕ್ಲೋರಿನ್ ನೀರು ರೆನೆಟ್ಟನ್ನು ಕೊಲ್ಲುತ್ತದೆ.

ಮುಚ್ಚಿ 20–23 ಡಿಗ್ರಿಯಲ್ಲಿ 18ರಿಂದ 24 ಗಂಟೆ ಅಲುಗಿಸದೆ ಬಿಡಿ. ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗೆ ಇದು ತಾನಾಗಿ ಒದಗದು. ಥರ್ಮಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಎರಡು ಬಾಟಲಿ ಜೊತೆಗಿಡಿ. ಏಪ್ರಿಲ್‌ನಲ್ಲಿ ಅದೇ ಪೆಟ್ಟಿಗೆಗೆ ಐಸ್ ಬಾಟಲಿ. ಜೂನ್–ಜುಲೈನಲ್ಲಿ ಕೋಣೆಯ ಕಾವೇ ಸರಿಯಿರುತ್ತದೆ, ಆಗಿನ ತೊಂದರೆ ಬೂಷ್ಟು. ದೋಸೆ ಹಿಟ್ಟು ಹುದುಗುವ ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ, ಅಲ್ಲಿನ ಯೀಸ್ಟ್ ಇಲ್ಲಿಗೂ ಬರುತ್ತದೆ.

ಗಡ್ಡೆ ಅಂಚು ಬಿಟ್ಟು, ಮೇಲೆ ಒಂದು ಸೆಂಟಿಮೀಟರ್ ತಿಳಿ ಹಾಲೊಡಕು ನಿಂತಾಗ ಹದ. ಪಿಎಚ್ ಮೀಟರ್ ಇದ್ದರೆ 4.5–4.6. ಚಪ್ಪಟೆ ಸೌಟಿನಿಂದ ಪದರ ಪದರವಾಗಿ ತೆಳು ಬಟ್ಟೆಗೆ ಎತ್ತಿ ಹಾಕಿ, ಸುರಿಯಬೇಡಿ. ಸುರಿದರೆ ಗಡ್ಡೆ ಒಡೆದು ಸಾರವೆಲ್ಲ ನೀರಿಗೆ ಹೋಗುತ್ತದೆ. 8–12 ಗಂಟೆ ತೂಗುಹಾಕಿ, ನಡುವೆ ಒಮ್ಮೆ ಬಟ್ಟೆಯಂಚಿನ ಗಟ್ಟಿ ಭಾಗವನ್ನು ಒಳಕ್ಕೆ ಮಗುಚಿ. ಮಳೆಗಾಲದಲ್ಲಿ ಈ ಕೆಲಸ ಫ್ರಿಜ್ಜಿನೊಳಗೆ. ತೂಗಿ, ಕಿಲೋಗೆ 12 ಗ್ರಾಂ ಉಪ್ಪು ಬೆರೆಸಿ. ಐದು ಲೀಟರಿಗೆ 800ರಿಂದ 950 ಗ್ರಾಂ ಸಿಗುತ್ತದೆ. 4 ಡಿಗ್ರಿಯಲ್ಲಿ ಎಂಟು ಹತ್ತು ದಿನ ಬಾಳುತ್ತದೆ. ಹುರಿದು ಜಜ್ಜಿದ ನಮ್ಮ ಕಾಳುಮೆಣಸಿನಲ್ಲಿ ಹೊರಳಿಸಿದ ಉಂಡೆಗೆ ಬೇರೆ ಅಲಂಕಾರ ಬೇಡ. ಹಸಿ ಕೊತ್ತಂಬರಿ, ಹಸಿ ಬೆಳ್ಳುಳ್ಳಿ ಹಾಕಿದರೆ ಅವುಗಳ ಜೊತೆ ಮಣ್ಣಿನ ಸೂಕ್ಷ್ಮಜೀವಿಗಳೂ ಬರುತ್ತವೆ.

ಗಡ್ಡೆ ಕಟ್ಟದಿದ್ದರೆ ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಮೇಕೆಗಾದರೂ ಆಂಟಿಬಯಾಟಿಕ್ ಕೊಟ್ಟಿತ್ತೇ ಎಂದು. ಒಂದು ಮೇಕೆಯ ಹಾಲು ಇಡೀ ಪಾತ್ರೆಯ ಹೆಪ್ಪನ್ನು ಕೊಲ್ಲುತ್ತದೆ. ಕಹಿಯಾದರೆ ರೆನೆಟ್ ಹೆಚ್ಚಾಗಿದೆ. ರವೆಯ ಹಾಗೆ ತರಿತರಿಯಾದರೆ ಕಾವು ಮೀರಿದೆ. ಗಡ್ಡೆ ಉಬ್ಬಿ, ಸ್ಪಂಜಿನಂತೆ ತೂತಾಗಿ ತೇಲಿದರೆ ಕೊಳೆಯಿಂದ ಬಂದ ಕೋಲಿಫಾರ್ಮ್ ಅಥವಾ ಯೀಸ್ಟ್. ರುಚಿಯನ್ನೂ ನೋಡದೆ ಗುಂಡಿಗೆ ಹಾಕಿ, ಮರಿಗಳಿಗೂ ಕೊಡಬೇಡಿ. ಆಮೇಲೆ ಪಾತ್ರೆಗಳ ಸರದಿ: ಮೊದಲು ಉಗುರುಬೆಚ್ಚಗಿನ ನೀರು, ನಂತರ ಸೋಪಿನ ಬಿಸಿನೀರು, ಕೊನೆಗೆ 5 ಶೇಕಡಾ ಹೈಪೋಕ್ಲೋರೈಟ್ ಲೀಟರಿಗೆ 4 ಮಿಲಿ ಬೆರೆಸಿದ ನೀರು, ಆರಲು ಬೋರಲು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಪಾತ್ರೆಗೆ ಬೆಂದು ಅಂಟುತ್ತದೆ.

ಮಳೆಗಾಲಕ್ಕೆ ಉಪ್ಪುನೀರಿನ ಚೀಸ್

ಮಾವಿನ ಮಿಡಿಯನ್ನು, ಹಲಸಿನ ತೊಳೆಯನ್ನು ಉಪ್ಪಿನಲ್ಲಿಟ್ಟು ಮಳೆಗಾಲಕ್ಕೆ ತೆಗೆಯುವ ಮನೆಗಳಿಗೆ ಇದನ್ನು ಹೇಳಿಕೊಡುವುದು ಸುಲಭ. ಡಿಸೆಂಬರ್‌ನಿಂದ ಫೆಬ್ರವರಿ ಹಾಲು ಹೆಚ್ಚಿರುವಾಗ ಮಾಡಿಟ್ಟರೆ ಆಗಸ್ಟ್‌ನಲ್ಲೂ ಮಾರಲು ಸರಕಿರುತ್ತದೆ. ಗಟ್ಟಿ ಚೀಸನ್ನು ಹಲಗೆಯ ಮೇಲೆ ಮಾಗಿಸಲು 10–13 ಡಿಗ್ರಿಯ, ಹದ ತೇವದ ಕೋಣೆ ಬೇಕು. ಪುಷ್ಯ ಮಳೆಯಲ್ಲಿ ಕರೆಂಟು ಹೋದ ದಿನ ಅದರ ಮೇಲೆ ಬೆಕ್ಕಿನ ರೋಮದಂಥ ಬೂಷ್ಟು ಏಳುತ್ತದೆ. ಉಪ್ಪುನೀರಿನಲ್ಲಿ ಮುಳುಗಿರುವ ಚೀಸಿಗೆ ಆ ಭಯವಿಲ್ಲ, ತುಂಬಿದ ಡಬ್ಬಿ ಕರೆಂಟು ಹೋದರೂ ತಂಪನ್ನು ಬಹಳ ಹೊತ್ತು ಹಿಡಿದಿರುತ್ತದೆ.

ಹತ್ತು ಲೀಟರ್ ಪಾಶ್ಚರೀಕರಿಸಿದ ಹಾಲು, 32 ಡಿಗ್ರಿ, 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಹೆಪ್ಪು ಹಾಕಿ ಒಂದು ಗಂಟೆ. ರೆನೆಟ್ ಈ ಸಲ ಬಾಟಲಿಯ ಮೇಲೆ ಬರೆದಿರುವ ಪೂರ್ಣ ಅಳತೆ. 45–50 ನಿಮಿಷಕ್ಕೆ ಚಾಕು ತೂರಿಸಿ ಎತ್ತಿದರೆ ಗಡ್ಡೆ ನೇರವಾಗಿ ಸೀಳಿ, ಸೀಳಿನಲ್ಲಿ ತಿಳಿನೀರು ಕಾಣಬೇಕು. ಹಾಲುಹಾಲಾಗಿದ್ದರೆ ಇನ್ನೂ ಹತ್ತು ನಿಮಿಷ. ಒಂದೂವರೆ ಸೆಂಟಿಮೀಟರ್ ಚೌಕಗಳಾಗಿ ಕೊಯ್ದು, ಹತ್ತು ನಿಮಿಷ ಬಿಟ್ಟು, 20 ನಿಮಿಷ ಮೆಲ್ಲಗೆ ಕಲಕಿ, ತೂತಿನ ಅಚ್ಚಿಗೆ ತುಂಬಿ. ಅರ್ಧ ಗಂಟೆ, ಒಂದು ಗಂಟೆ, ಮೂರು ಗಂಟೆಗೆ ಮಗುಚಿ ರಾತ್ರಿಯಿಡೀ ಬಿಡಿ. ಮರುದಿನ ಅಂಗೈಯಗಲ ತುಂಡು ಮಾಡಿ, ತೂಕದ 2–3 ಶೇಕಡಾ ಉಪ್ಪು ಸವರಿ ಒಂದು ದಿನ ಇಡಿ.

ಮುಳುಗಿಸುವ ನೀರಿಗೆ 920 ಮಿಲಿ ನೀರು, 80 ಗ್ರಾಂ ಉಪ್ಪು, 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಪಿಎಚ್ 4.6ರ ಸುಮಾರಿಗೆ ಬರುವಷ್ಟು ವಿನೆಗರ್. ಬರೀ ಉಪ್ಪುನೀರು ಹಾಕಿದವರ ಚೀಸ್ ಎರಡು ವಾರಕ್ಕೆ ಲೋಳೆಯಾಗುತ್ತದೆ, ಏಕೆಂದರೆ ನೀರು ಚೀಸಿನೊಳಗಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ತುಂಡುಗಳು ತೇಲದಂತೆ ಮೇಲೊಂದು ತಟ್ಟೆಯ ಭಾರ. 8–10 ಡಿಗ್ರಿಯಲ್ಲಿ ನಾಲ್ಕು ವಾರ ಮಾಗಲಿ, ಆಮೇಲೆ 4 ಡಿಗ್ರಿ. ತಿನ್ನುವ ಮೊದಲು ಒಂದು ಗಂಟೆ ನೀರಿನಲ್ಲಿಟ್ಟರೆ ಉಪ್ಪು ಇಳಿಯುತ್ತದೆ.

ಬೇಸಿಗೆಯ ಹೆಚ್ಚುವರಿ ಹಾಲಿಗೆ ಪನೀರ್ ಸಾಕು. 85 ಡಿಗ್ರಿಗೆ ಕಾಯಿಸಿ, ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಹಸುವಿನ ಹಾಲಿನದಕ್ಕಿಂತ ಮೆತ್ತಗಿರುತ್ತದೆ, ಹುರಿಯುವುದಕ್ಕಿಂತ ಪಲ್ಯಕ್ಕೆ ಹೊಂದುತ್ತದೆ. ಒಳ್ಳೆಯ ಹಾಲೊಡಕಿನಲ್ಲಿ ಅಕ್ಕಿರೊಟ್ಟಿ ಹಿಟ್ಟು ಕಲಸಬಹುದು. ಉಳಿದದ್ದನ್ನು ಹತ್ತು ಪಾಲು ನೀರಿಗೆ ಬೆರೆಸಿ ಬಾಳೆಯ ಬುಡಕ್ಕೆ ಹಾಕಿ, ಹಳ್ಳಕ್ಕೆ ಮಾತ್ರ ಬಿಡಬೇಡಿ.

ಜನವರಿಯಿಂದ ಮೇವರೆಗೆ ರಕ್ತ ಹೀರುವ ಉಣ್ಣೆಹುಳುವಿನ (ಉಣುಗು) ಕಾಲ. ಕಾಡಂಚಿಗೆ ಮೇಯಲು ಬಿಡದೆ ಕಿವಿಯೊಳಗೆ, ಬಾಲದ ಬುಡದಲ್ಲಿ ದಿನವೂ ನೋಡಿ ಕೀಳಿ. ಹಾಲಿನ ಮೇಕೆಗೆ ಹಗಲಿಗೆ ಐದಾರು ಲೀಟರ್ ತಣ್ಣೀರು ಬೇಕು. ಹಾಲು ದಿನಕ್ಕೆ ಕಾಲು ಲೀಟರಿಗೆ ಇಳಿದ ಮೇಕೆಯನ್ನು ಕರೆಯುವುದು ನಿಲ್ಲಿಸಿ. ಒಂದು ವಾರ ದಾಣಿ ಕಡಿತ, ಆಮೇಲೆ ಒಮ್ಮೆಗೇ ನಿಲುಗಡೆ, ತೊಟ್ಟಿಗೆ ಅಯೋಡಿನ್, ಮೂರು ದಿನ ಕೆಚ್ಚಲು ಮುಟ್ಟಿ ಬಿಸಿ, ಗಟ್ಟಿ ಇದೆಯೇ ಎಂದು ನೋಡುವುದು. ಈಯಲು ಎರಡು ತಿಂಗಳಿರುವಾಗ ಪ್ರತಿ ಮೇಕೆಯೂ ಬತ್ತಿರಲೇಬೇಕು. ಭರಣಿ ಮಳೆ ಬಿದ್ದ ವಾರ ಹೋತದ ಗೊರಸು ಕತ್ತರಿಸಿ, ಅದಕ್ಕೂ ದಾಣಿ ಶುರುಮಾಡಿ. ಕೃತ್ತಿಕೆಗೆ ಇನ್ನು ಎರಡೇ ವಾರ.